ಕತ್ತಲೆ ಉಗ್ರಾಣಕ್ಕೆ ಬೆಳಕಿಂಡಿ: ಒಂದು ಧ್ಯಾನದ ಕೋಣೆಯ ಕೆಲಸದ ದಾಖಲೆ

ಮನೆಯ ನಟ್ಟನಡುವಿನ ಕತ್ತಲೆ ಉಗ್ರಾಣವೊಂದನ್ನು ಧ್ಯಾನಕ್ಕೆ ಕೂರುವ ಕೋಣೆಯಾಗಿ ಮಾರ್ಪಡಿಸುವ ಕೆಲಸ ಜನವರಿಯಲ್ಲಿ ಆರಂಭವಾಗಿ, ಸೆಪ್ಟೆಂಬರಿನ ಹೊತ್ತಿಗೆ ಬಹುಮಟ್ಟಿಗೆ ಮುಗಿದಿದೆ. ಹಗಲಿನಲ್ಲಿ ವಿದ್ಯುದ್ದೀಪ ಹಾಕದೆ, ಆಕಾಶದ ಬೆಳಕೊಂದರಿಂದಲೇ ಕೋಣೆ ನಡೆಯಬೇಕು, ಆ ಬೆಳಕು ಕಣ್ಣನ್ನು ಚುಚ್ಚದೆ ಮನಸ್ಸನ್ನು ನಿಲ್ಲಿಸುವಂತಿರಬೇಕು ಎಂಬುದು ಉದ್ದೇಶವಾಗಿತ್ತು. ಮುಖ್ಯವಾಗಿ ಕೂರುವವರು ಅಮ್ಮ. ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಅವರಿಗೆ ಪ್ರಖರವಾದ ಬೆಳಕು ಸಹಿಸುವುದಿಲ್ಲ. ಈ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಗೊತ್ತಾದದ್ದು ಅವರ ಕಣ್ಣಿನಿಂದಲೇ.

1. ಅಳತೆ ಮತ್ತು ದಿಕ್ಕು (ಜನವರಿ 4–8)

ಕೋಣೆಯ ಉದ್ದ ಪೂರ್ವ–ಪಶ್ಚಿಮವಾಗಿ 3 ಮೀಟರ್, ಅಗಲ ಉತ್ತರ–ದಕ್ಷಿಣವಾಗಿ 2.4 ಮೀಟರ್, ಎತ್ತರ 2.9 ಮೀಟರ್. ಸುತ್ತಲೂ ಬೇರೆ ಕೋಣೆಗಳಿರುವುದರಿಂದ ಕಿಟಕಿ ಇಡಲು ಹೊರಗೋಡೆಯೇ ಇಲ್ಲ. ಬಾಗಿಲು ಪಶ್ಚಿಮಕ್ಕೆ, ಓಣಿಯ ಕಡೆಗಿದೆ. ಮೇಲಿರುವುದು 12 ಸೆಂಟಿಮೀಟರ್ ದಪ್ಪದ ಆರ್‌ಸಿಸಿ ಚಾವಣಿ, ಅದರ ಮೇಲೆ ಬಯಲು ತಾರಸಿ. ಬೆಳಕು ಬರಬೇಕಾದರೆ ತಲೆಯ ಮೇಲಿನಿಂದಲೇ ಬರಬೇಕು.

ದಿಕ್ಕನ್ನು ಮೊದಲು ಮೊಬೈಲಿನ ದಿಕ್ಸೂಚಿಯಿಂದ ನೋಡಿದೆ. ಕೋಣೆಯ ಒಂದು ಮೂಲೆಯಲ್ಲಿ ತೋರಿಸಿದ ಉತ್ತರಕ್ಕೂ ಇನ್ನೊಂದು ಮೂಲೆಯಲ್ಲಿ ತೋರಿಸಿದ ಉತ್ತರಕ್ಕೂ 11 ಡಿಗ್ರಿ ವ್ಯತ್ಯಾಸ ಬಂದಿತು. ಚಾವಣಿಯೊಳಗಿನ ಕಬ್ಬಿಣದ ಕಂಬಿಗಳು ಅದರ ಮುಳ್ಳನ್ನು ಎಳೆಯುತ್ತಿದ್ದವು. ಆದ್ದರಿಂದ ತಾರಸಿಯ ಮೇಲೆ ಮೂರು ಕೋಲು ನಿಲ್ಲಿಸಿ ತೂಗುಗುಂಡು ಇಳಿಬಿಟ್ಟು, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದೂವರೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ದಾರದ ತುದಿಯ ನೆರಳನ್ನು ಸೀಮೆಸುಣ್ಣದಿಂದ ಗುರುತು ಹಾಕಿದೆ. ಅತ್ಯಂತ ಗಿಡ್ಡ ನೆರಳು ಬಿದ್ದ ಗೆರೆಯೇ ನಿಜವಾದ ಉತ್ತರ–ದಕ್ಷಿಣ, ಆ ಕ್ಷಣವೇ ಸೂರ್ಯನ ನಡುಹಗಲು. ಅದು ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ಬರಬೇಕೆಂದೇನೂ ಇಲ್ಲ. ಮುಂದೆ ಈ ಬರಹದಲ್ಲಿ ನಡುಹಗಲು ಎಂದಿರುವಲ್ಲೆಲ್ಲ ಈ ನೆರಳಿನ ಲೆಕ್ಕವನ್ನೇ ಹಿಡಿದಿದ್ದೇನೆ.

2. ರಟ್ಟಿನ ಮಾದರಿ (ಜನವರಿ 9–14)

ಪೂರ್ವಾಭಿಮುಖವಾಗಿ ಕೂರುವುದೆಂದು ಮೊದಲೇ ನಿಶ್ಚಯವಾಗಿತ್ತು. ಪೂರ್ವದ ಗೋಡೆಗೆ ಅಂಟಿಕೊಂಡಂತೆ ಚಾವಣಿಯಲ್ಲಿ ಉದ್ದನೆಯ ಸೀಳು ಬಿಟ್ಟರೆ ಬೆಳಗಿನ ಎಳೆಬಿಸಿಲು ಆ ಗೋಡೆಯನ್ನು ತೊಳೆಯುತ್ತಾ ಇಳಿಯುತ್ತದೆ ಎಂಬ ಚಿತ್ರ ನನ್ನ ತಲೆಯಲ್ಲಿತ್ತು. ಫ್ರಾನ್ಸಿನ ರೊನ್‌ಶಾಂ ಪ್ರಾರ್ಥನಾಲಯದಲ್ಲಿ (1955) ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಗೋಡೆಗೂ ಭಾರವಾದ ಮಾಡಿಗೂ ನಡುವೆ ಸುಮಾರು 10 ಸೆಂಟಿಮೀಟರ್ ಸಂದು ಬಿಟ್ಟು ಬೆಳಕಿನ ಗೆರೆ ಎಳೆದಿರುವ ಚಿತ್ರಗಳನ್ನು ನೋಡಿ ಬಂದ ಆಸೆಯದು.

ಹತ್ತನೇ ಒಂದು ಅಳತೆಗೆ, ಎಂದರೆ 30 × 24 × 29 ಸೆಂಟಿಮೀಟರಿಗೆ, ರಟ್ಟಿನ ಪೆಟ್ಟಿಗೆ ಮಾಡಿ, ಒಳಗೆ ಬಿಳಿ ಕಾಗದ ಅಂಟಿಸಿ, ಪಶ್ಚಿಮದ ಕಡೆ ಕಣ್ಣಿಟ್ಟು ನೋಡಲು ಒಂದು ತೂತು ಕೊರೆದು, ಪೆಟ್ಟಿಗೆಯನ್ನು ತಾರಸಿಯಲ್ಲಿ ನೆರಳಿನ ಗೆರೆಗೆ ಸರಿಯಾಗಿ ಇರಿಸಿದೆ. ಬೆಳಿಗ್ಗೆ ಎಂಟಕ್ಕೆ ಪೂರ್ವದ ಗೋಡೆಯ ಮೇಲೆ ಒಂದು ಎಳೆ ಬಿಸಿಲೂ ಇರಲಿಲ್ಲ. ಯೋಚಿಸಿದರೆ ಇದು ಎಷ್ಟು ಸರಳವಾದ ವಿಷಯ! ಸೂರ್ಯ ಪೂರ್ವದಲ್ಲಿದ್ದಾಗ ಕಿರಣ ಪಶ್ಚಿಮದತ್ತ ಓಡುತ್ತದೆ, ಪೂರ್ವದ ಗೋಡೆಗೆ ಬೆನ್ನು ತೋರಿಸುತ್ತದೆ. ಆ ಗೋಡೆಗೆ ಬಿಸಿಲು ತಾಗುವುದು ನಡುಹಗಲು ದಾಟಿ ಸೂರ್ಯ ಪಶ್ಚಿಮಕ್ಕೆ ವಾಲಿದ ಮೇಲೆಯೇ. ಕಾಗದದ ಮೇಲೆ ನಕ್ಷೆ ಬರೆಯುತ್ತಾ ಎರಡು ವಾರ ಕಳೆದರೂ ನನಗೆ ಹೊಳೆಯದಿದ್ದದ್ದು ರಟ್ಟಿನ ಪೆಟ್ಟಿಗೆಯಲ್ಲಿ ಅರ್ಧ ಗಂಟೆಯಲ್ಲಿ ಕಂಡಿತು.

ಆದರೆ ಅದೇ ಪೆಟ್ಟಿಗೆ ಇನ್ನೊಂದನ್ನೂ ತೋರಿಸಿತು. ಬಿಸಿಲಿಲ್ಲದ ಆ ಬೆಳಗಿನ ಹೊತ್ತಿನಲ್ಲಿ ಗೋಡೆ ಮೇಲಿನಿಂದ ಕೆಳಕ್ಕೆ ತಿಳಿಯಾಗಿ ಮಾಸುತ್ತಾ ಬರುವ ಒಂದು ಮೆದು ಬೆಳಕಿನಿಂದ ತುಂಬಿತ್ತು. ಅದು ಬಿಸಿಲಲ್ಲ, ಆಕಾಶದ ಬೆಳಕು. ಅಮ್ಮನಿಗೆ ಪೆಟ್ಟಿಗೆಯ ತೂತಿನಲ್ಲಿ ಕಣ್ಣಿಟ್ಟು ನೋಡಲು ಹೇಳಿದೆ. ಅವರು ಬಹಳ ಹೊತ್ತು ನೋಡಿ, "ಇದು ಸಾಕು ಕಣೋ, ಬಿಸಿಲೇನೂ ಬೇಡ" ಎಂದರು. ಸೀಳಿನ ಜಾಗ ಬದಲಾಗಲಿಲ್ಲ, ಅದನ್ನು ಅಲ್ಲಿಡುವ ಕಾರಣ ಮಾತ್ರ ಬದಲಾಯಿತು.

ಈ ಹಂತದಲ್ಲಿ ಮಾಡಿದ ತಪ್ಪನ್ನೂ ಇಲ್ಲೇ ಬರೆದುಬಿಡುತ್ತೇನೆ. ಮಾದರಿಯನ್ನು ಜನವರಿಯ ಬಿಸಿಲಿಗೆ ಮಾತ್ರ ಹಿಡಿದೆ. ಬೇರೆ ತಿಂಗಳ ಬಿಸಿಲು ಹೇಗೆ ಬೀಳುತ್ತದೆಂದು ತಿಳಿಯಬೇಕಾದರೆ ಪೆಟ್ಟಿಗೆಯನ್ನು ಉತ್ತರ–ದಕ್ಷಿಣವಾಗಿ ವಾಲಿಸಿ ನೋಡಬೇಕು. ನಾವಿರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಸುಮಾರಿಗೆ. ಇಲ್ಲಿ ಜನವರಿ ನಡುವಿನ ನಡುಹಗಲಲ್ಲಿ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 35 ಡಿಗ್ರಿಯಷ್ಟು ಇಳಿದಿರುತ್ತಾನೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನಡುವಿನ ತಿಂಗಳುಗಳಲ್ಲಿ ಉತ್ತರದಲ್ಲಿರುತ್ತಾನೆ. ಪೆಟ್ಟಿಗೆಯನ್ನು ದಕ್ಷಿಣಕ್ಕೆ 35 ಡಿಗ್ರಿ ವಾಲಿಸಿದ್ದರೆ ಏಪ್ರಿಲಿನ ಬಿಸಿಲನ್ನು ಜನವರಿಯಲ್ಲೇ ನೋಡಬಹುದಾಗಿತ್ತು. ವಾಲಿಸಲಿಲ್ಲ. ಅದರ ಫಲ ಎಂಟನೇ ಹಂತದಲ್ಲಿದೆ.

3. ಎಂಜಿನಿಯರರ ಮಾತು (ಜನವರಿ 17)

ನಾನು ಕೇಳಿದ್ದು 2.4 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಒಂದೇ ಸೀಳು. ಕಟ್ಟಡದ ಲೆಕ್ಕ ಬಲ್ಲ ಎಂಜಿನಿಯರರು ಅದಕ್ಕೆ ಒಪ್ಪಲಿಲ್ಲ. ಚಾವಣಿ ಆ ಗೋಡೆಯ ಮೇಲೆ ಹಾದು ಪಕ್ಕದ ಕೋಣೆಗೂ ಮುಂದುವರಿದಿದೆ, ಗೋಡೆಯ ಮೇಲ್ಭಾಗದಲ್ಲಿ ಚಾವಣಿಯ ಮೇಲ್ಪದರದ ಕಂಬಿಗಳಿವೆ, ಅವೆಲ್ಲವನ್ನೂ ಒಂದೇ ಸಾಲಿನಲ್ಲಿ ಕತ್ತರಿಸಿದರೆ ಚಾವಣಿಗೆ ಆ ಬದಿಯ ಆಸರೆಯೇ ತಪ್ಪುತ್ತದೆ ಎಂದು ವಿವರಿಸಿದರು. ಕೊನೆಗೆ ಒಪ್ಪಿದ್ದು ಇಷ್ಟು: ತಲಾ 60 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಮೂರು ಬೆಳಕಿಂಡಿಗಳು, ನಡುವೆ 20 ಸೆಂಟಿಮೀಟರಿನ ಎರಡು ಕಾಂಕ್ರೀಟ್ ಪಟ್ಟಿಗಳು, ಎರಡೂ ತುದಿಯಲ್ಲಿ 10 ಸೆಂಟಿಮೀಟರ್ ಬಿಡುವು, ಮತ್ತು ಕತ್ತರಿಸಿದ ಅಂಚಿನ ಕೆಳಗೆ ಉತ್ತರದ ಗೋಡೆಯಿಂದ ದಕ್ಷಿಣದ ಗೋಡೆಗೆ 100 ಮಿಲಿಮೀಟರಿನ ಒಂದು ಉಕ್ಕಿನ ಚಾನೆಲ್ (ತೊಲೆ).

ನನಗೆ ಆ ದಿನ ನಿರಾಸೆಯಾಯಿತು. ಒಂದೇ ಗೆರೆಯ ಬೆಳಕು ತುಂಡಾಗುತ್ತದಲ್ಲ ಎಂಬುದೊಂದು ಚಿಂತೆ, ಚಾನೆಲ್ ಕಣ್ಣಿಗೆ ಬೀಳುತ್ತದಲ್ಲ ಎಂಬುದು ಇನ್ನೊಂದು. ಹಾಗಿದ್ದರೂ ಈ ಕೆಲಸಕ್ಕೆ ಕೈ ಹಾಕುವವರು ಯಾರೇ ಆಗಲಿ, ಚಾವಣಿಗೆ ಉಳಿ ತಾಗಿಸುವ ಮೊದಲು ಇಂಥ ಒಬ್ಬರನ್ನು ಕರೆಸಿ, ಅವರು ಬೇಡವೆಂದರೆ ಬಿಟ್ಟುಬಿಡಬೇಕು. ಇದರಲ್ಲಿ ರಾಜಿಗೆ ಎಡೆಯಿಲ್ಲ.

4. ಚಾವಣಿ ಕತ್ತರಿಸಿದ್ದು (ಜನವರಿ 29 – ಫೆಬ್ರವರಿ 3)

ಮೊದಲು ಕೆಳಗೆ ಎರಡು ಸಾಲು ಜಾಕಿ ಪೈಪುಗಳನ್ನು ಕೊಟ್ಟು ಚಾವಣಿಯನ್ನು ಹೊತ್ತುಕೊಂಡೆವು. ಚಾನೆಲ್ ಕೂರಿಸಿ, ಎರಡೂ ತುದಿಗಳನ್ನು ಗೋಡೆಯಲ್ಲಿ 15 ಸೆಂಟಿಮೀಟರ್ ಒಳಗಿಟ್ಟು ಗಾರೆ ತುಂಬಿ, ಮೂರು ದಿನ ಬಿಟ್ಟ ಮೇಲೆಯೇ ಕತ್ತರಿಸಲು ಆರಂಭಿಸಿದ್ದು. ಡೈಮಂಡ್ ಬ್ಲೇಡಿಗೆ ನೀರು ಬಿಡುತ್ತಾ ಮೇಲಿನಿಂದ ಕೊಯ್ದರು. ಮೂಲೆಗಳಲ್ಲಿ ಬ್ಲೇಡ್ ಅತಿಯಾಗಿ ಓಡಿ ಪಟ್ಟಿಯೊಳಗೆ ಸೀಳಬಾರದೆಂದು ನಾಲ್ಕೂ ಮೂಲೆಗೆ ಮೊದಲೇ ತೂತು ಕೊರೆದದ್ದು ಮೇಸ್ತ್ರಿಯವರ ಸಲಹೆ. ಕೊಯ್ದ ತುಂಡುಗಳು ಕೆಳಗೆ ಬೀಳದಂತೆ ಹಗ್ಗದಲ್ಲಿ ಬಿಗಿದು ಮೇಲಕ್ಕೇ ಎತ್ತಿದರು. ಹೊರಬಿದ್ದ ಕಂಬಿಯ ತುದಿಗಳಿಗೆ ತುಕ್ಕು ತಡೆಯುವ ಲೇಪ ಹಚ್ಚಿ, ಎಪಾಕ್ಸಿ ಗಾರೆಯಿಂದ ಮುಚ್ಚಿದರು.

5. ಕಟ್ಟೆ ಮತ್ತು ಗಾಜು (ಫೆಬ್ರವರಿ 6–12)

ಬೆಳಕಿಂಡಿಯ ಸುತ್ತ ತಾರಸಿಯ ಮೇಲೆ 30 ಸೆಂಟಿಮೀಟರ್ ಎತ್ತರದ ಇಟ್ಟಿಗೆಯ ಕಟ್ಟೆ ಕಟ್ಟಿ, ಮೇಲೆ 6 ಮಿಲಿಮೀಟರಿನ ಎರಡು ಪದರ ಸೇರಿದ ಲ್ಯಾಮಿನೇಟೆಡ್ ಗಾಜನ್ನು ಕೂರಿಸಿದೆವು. ತಲೆಯ ಮೇಲಿನ ಗಾಜು ಯಾವಾಗಲೂ ಲ್ಯಾಮಿನೇಟೆಡ್ ಆಗಿರಬೇಕು. ಒಡೆದರೂ ನಡುವಿನ ಹಾಳೆಗೆ ಚೂರುಗಳು ಅಂಟಿಕೊಂಡಿರುತ್ತವೆ. ಗಾಜನ್ನು ಮಟ್ಟವಾಗಿ ಇಟ್ಟೆವು, ಅಂಗಡಿಯಲ್ಲಿ ಸಿಕ್ಕ ಸಿಲಿಕೋನ್ ಹಚ್ಚಿದೆವು. ಇವೆರಡೂ ತಪ್ಪು.

ಲೆಕ್ಕಕ್ಕೆ ಇಷ್ಟು: ಚಾವಣಿಯ ದಪ್ಪವೂ ಕಟ್ಟೆಯೂ ಸೇರಿ ಬೆಳಕು ಇಳಿಯುವ ಬಾವಿಯ ಆಳ 42 ಸೆಂಟಿಮೀಟರ್, ಅಗಲ 20. ಈ ಆಳ ಮತ್ತು ಅಗಲದಿಂದಾಗಿ ಸೂರ್ಯ ಪೂರ್ವ–ಪಶ್ಚಿಮವಾಗಿ ನೆತ್ತಿಯಿಂದ 25 ಡಿಗ್ರಿಯೊಳಗೆ ಬಂದಾಗ ಮಾತ್ರ ನೇರ ಬಿಸಿಲು ಕೋಣೆಗೆ ಇಳಿಯುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಅದು ನಡುಹಗಲಿನ ಆಚೆ ಈಚೆ ಒಂದೂಮುಕ್ಕಾಲು ಗಂಟೆಯಷ್ಟು. ಉಳಿದ ಹೊತ್ತೆಲ್ಲ ಆಕಾಶದ ಬೆಳಕು.

6. ಗೋಡೆ (ಫೆಬ್ರವರಿ 16 – ಮಾರ್ಚ್ 17)

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದೂ ಅತಿ ಹೆಚ್ಚು ದುಡ್ಡು ವ್ಯರ್ಥ ಮಾಡಿದ್ದೂ ಈ ಒಂದು ಗೋಡೆಯಲ್ಲಿ.

ಬೆಳಕನ್ನು ಹೊರುವ ಗೋಡೆ ಕನ್ನಡಿಯಂತೆ ನುಣುಪಾಗಿರಬೇಕೆಂದುಕೊಂಡು ಹಳೆಯ ಸಿಮೆಂಟ್ ಗಾರೆಯ ಮೇಲೆ ಎರಡು ಕೋಟ್ ಪುಟ್ಟಿ, ಪ್ರೈಮರ್, ಅದರ ಮೇಲೆ ಸ್ವಲ್ಪ ಹೊಳಪಿರುವ ಬಿಳಿ ಬಣ್ಣ ಹೊಡೆಸಿದೆ. ರಾತ್ರಿ ಬಲ್ಬ್ ಹಿಡಿದು ನೋಡಿದಾಗ ಗೋಡೆ ನಿಷ್ಕಳಂಕವಾಗಿ ಕಂಡಿತು. ಮರುದಿನ ನಡುಹಗಲು ಕಳೆದು ಕಾಲು ಗಂಟೆಗೆ ಬಿಸಿಲು ಗೋಡೆಯನ್ನು ಸವರುತ್ತಾ ಇಳಿದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕರಣೆ ಎಳೆದ ಪ್ರತಿಯೊಂದು ಬೀಸೂ ಒಂದೊಂದು ಅಲೆಯಾಗಿ ಎದ್ದು ನಿಂತಿತ್ತು. ಹಿಂದೊಮ್ಮೆ ಮೊಳೆ ಕಿತ್ತು ತುಂಬಿದ ಜಾಗ ಬೆರಳಿನಷ್ಟು ಉದ್ದದ ನೆರಳನ್ನು ಕೆಳಕ್ಕೆ ಚೆಲ್ಲಿತ್ತು. ಎದೆಯ ಎತ್ತರದಲ್ಲಿ, ಮೇಸ್ತ್ರಿಯವರು ಸಾರುವೆ ಬದಲಿಸಿದ ಕಡೆ, ಗೋಡೆಯ ಅಡ್ಡಕ್ಕೂ ಒಂದು ಉಬ್ಬು ಹಗ್ಗದಂತೆ ಕಾಣುತ್ತಿತ್ತು. ಮಟ್ಟಗೋಲು ಇಟ್ಟು ಅಳೆದರೆ ಆ ಉಬ್ಬು ಒಂದೂವರೆ ಮಿಲಿಮೀಟರ್. ಎದುರಿನಿಂದ ಬೀಳುವ ಬೆಳಕಿಗೆ ಅದು ಕಾಣುವುದೇ ಇಲ್ಲ, ಗೋಡೆಗೆ ಸಮಾನಾಂತರವಾಗಿ ಜಾರುವ ಬೆಳಕಿಗೆ ಅದೊಂದು ಗುಡ್ಡ.

ಎರಡನೇ ಪ್ರಯತ್ನದಲ್ಲಿ ಉಬ್ಬುಗಳನ್ನು ಉಜ್ಜಿ, ತಗ್ಗುಗಳನ್ನು ತುಂಬಿ, ಹಗಲು ಅದೇ ಹೊತ್ತಿಗೆ ಗೋಡೆಯ ಮುಂದೆ ಕುಳಿತು ಪೆನ್ಸಿಲಿನಿಂದ ಗುರುತು ಹಾಕಿ ತಿದ್ದಿಸಿದೆ. ಐದು ದಿನ ಕಳೆದರೂ ಒಂದು ಅಲೆ ಹೋದಲ್ಲಿ ಎರಡು ಹೊಸ ಅಲೆಗಳು ಹುಟ್ಟುತ್ತಿದ್ದವು. ಐದನೆಯ ದಿನ ಮೇಸ್ತ್ರಿಯವರು ಸ್ಯಾಂಡ್ ಪೇಪರ್ ಕೆಳಗಿಟ್ಟು, "ಸಾರ್, ಈ ಬೆಳಕಿಗೆ ನುಣುಪು ಮಾಡೋಕೆ ಹೋದಷ್ಟೂ ಸೋಲ್ತೀವಿ. ಒರಟಾಗೇ ಬಿಡೋಣ, ಆದ್ರೆ ಒಂದೇ ಸಮ ಒರಟು ಮಾಡೋಣ" ಎಂದರು. ಈ ಕೆಲಸದಲ್ಲಿ ಯಾರೇ ಹೇಳಿದ ಮಾತುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದು.

ಮೂರನೇ ಪ್ರಯತ್ನಕ್ಕೆ ಪುಟ್ಟಿಯನ್ನೆಲ್ಲ ಕೆರೆದು ತೆಗೆದು, ಹಳೆಯ ಗಾರೆಗೆ ಉಳಿಯಿಂದ ಕಚ್ಚು ಹಾಕಿ, ಗೋಡೆಯನ್ನು ಒಂದು ದಿನ ನೆನೆಸಿ, ಸುಣ್ಣ ಒಂದು ಪಾಲು ಮರಳು ಮೂರು ಪಾಲಿನ ಗಾರೆಯನ್ನು 12 ಮಿಲಿಮೀಟರ್ ದಪ್ಪಕ್ಕೆ ಬಳಿದರು. ಅದು ಗಟ್ಟಿಯಾದ ಮೇಲೆ ಸಣ್ಣ ಜರಡಿಯಲ್ಲಿ ಹಿಡಿದ ಮರಳಿನ 4 ಮಿಲಿಮೀಟರಿನ ಮೇಲ್ಪದರ ಹಾಕಿದರು. ಕಬ್ಬಿಣದ ಕರಣೆ ಮುಟ್ಟಿಸದೆ ಮರದ ಹಲಗೆಯಿಂದ ವೃತ್ತಾಕಾರವಾಗಿ ಉಜ್ಜಿ, ಕೊನೆಗೆ ಒದ್ದೆ ಸ್ಪಂಜಿನಿಂದ ಒತ್ತಿದರು. ಇಡೀ ಗೋಡೆಯ ಮೇಲ್ಪದರವನ್ನು ಒಂದೇ ದಿನ, ಒಬ್ಬರೇ, ನಡುವೆ ನಿಲ್ಲಿಸದೆ ಮಾಡಿದರು, ಆದ್ದರಿಂದ ಎಲ್ಲಿಯೂ ಜೋಡಣೆಯ ಗೆರೆ ಬೀಳಲಿಲ್ಲ. ಒಂದು ವಾರ ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆವು. ಬಣ್ಣ ಹೊಡೆಯಲೇ ಇಲ್ಲ.

ಒಣಗಿದ ಮೇಲೆ ಅದೇ ಬಿಸಿಲು ಇಳಿದಾಗ ಪ್ರತಿ ಮರಳಿನ ಕಣವೂ ಸಾಸಿವೆಗಿಂತ ಚಿಕ್ಕದಾದ ಒಂದು ನೆರಳನ್ನು ಹಿಡಿದುಕೊಂಡಿತ್ತು. ಹತ್ತಿರ ಹೋದರೆ ಕಣ ಕಣವಾಗಿ, ಎರಡು ಮೀಟರ್ ದೂರದಿಂದ ಒಂದೇ ಹಾಸಾಗಿ ಕಾಣುವ ಆ ಗೋಡೆಯ ಮುಂದೆ ನಾವು ಮೂವರೂ ಮಾತಿಲ್ಲದೆ ನಿಂತಿದ್ದೆವು.

7. ತಡೆಹಲಗೆ (ಮಾರ್ಚ್ 28 – ಏಪ್ರಿಲ್ 4)

ಅಮ್ಮ ಮೊದಲ ಸಲ ಕೂತದ್ದು ಮಾರ್ಚ್ 28ರ ಬೆಳಿಗ್ಗೆ. ಹತ್ತು ನಿಮಿಷಕ್ಕೇ ಎದ್ದು ಬಂದರು. ಗೋಡೆ ಚೆನ್ನಾಗಿದೆ, ಆದರೆ ಮೇಲೊಂದು ಬೆಳ್ಳನೆಯ ಪಟ್ಟಿ ಕಣ್ಣನ್ನು ಎಳೆಯುತ್ತದೆ ಎಂದರು. ನಾನು ಕೂತು ನೋಡಿದೆ. ನೆಲದ ಮೇಲೆ ಕೂತವರ ಕಣ್ಣಿನ ಎತ್ತರ ಸುಮಾರು 75 ಸೆಂಟಿಮೀಟರ್, ಗೋಡೆಯಿಂದ ದೂರ 2 ಮೀಟರ್. ಅಲ್ಲಿಂದ ಗಾಜು ಕಾಣುವುದಿಲ್ಲವಾದರೂ ಚಾವಣಿಯ ಅಂಚಿನ ಆಚೆ ಬಾವಿಯ ಒಳಮೈ 24 ಸೆಂಟಿಮೀಟರಿನಷ್ಟು ಕಾಣುತ್ತಿತ್ತು. ಕೋಣೆಯಲ್ಲಿ ಎಲ್ಲಕ್ಕಿಂತ ಪ್ರಖರವಾದ ಜಾಗ ಅದೇ. ಕಣ್ಣು ತಾನಾಗಿಯೇ ಅತಿ ಬೆಳಗಿರುವ ಕಡೆಗೆ ಹೊರಳುತ್ತದೆ, ಆಗ ಅದರ ಕೆಳಗಿನ ಗೋಡೆ ಮಂಕಾಗಿ ತೋರುತ್ತದೆ.

ರಟ್ಟಿನ ತುಂಡುಗಳನ್ನು ಚಾವಣಿಯ ಅಂಚಿಗೆ ಟೇಪಿನಿಂದ ತೂಗುಹಾಕಿ 15, 20, 30 ಸೆಂಟಿಮೀಟರಿಗೆ ಪರೀಕ್ಷಿಸಿದೆ. 20ರಲ್ಲಿ ಬಾವಿಯ ಅಂಚು ಇನ್ನೂ ಕೂದಲಿನಷ್ಟು ಇಣುಕುತ್ತಿತ್ತು, 30ಕ್ಕೆ ಪೂರ್ತಿ ಮರೆಯಾಯಿತು. 8 ಮಿಲಿಮೀಟರಿನ ಸಿಮೆಂಟ್ ಬೋರ್ಡನ್ನು ಚಾನೆಲಿನ ಮುಂದೆಯೇ ಇಳಿಬಿಟ್ಟು ತಿರುಪು ಹಾಕಿದೆವು. ನನಗೆ ಚಿಂತೆ ಹತ್ತಿಸಿದ್ದ ಉಕ್ಕಿನ ಚಾನೆಲ್ ಅದರ ಹಿಂದೆ ಅಡಗಿತು. ಈಗ ಕೂತವರಿಗೆ ಬೆಳಕು ಎಲ್ಲಿಂದ ಬರುತ್ತಿದೆಯೆಂದು ಕಾಣುವುದಿಲ್ಲ, ಗೋಡೆಯೇ ಬೆಳಗುತ್ತಿರುವಂತೆ ತೋರುತ್ತದೆ. ಅಮ್ಮ ಮರುದಿನ ನಲವತ್ತು ನಿಮಿಷ ಕೂತರು.

8. ಮರೆತ ನೆಲ (ಏಪ್ರಿಲ್ 22 – ಮೇ 6)

ಏಪ್ರಿಲ್ 22ರಂದು ನಡುಹಗಲಿಗೆ ಕಾಲು ಗಂಟೆ ಮುಂಚೆ ಕೋಣೆಯ ಬಾಗಿಲು ತೆರೆದಾಗ ಚಾವಣಿಯ ಮೇಲೆ ನೀರಿನಂತೆ ನಡುಗುವ ಬೆಳಕು, ಕಣ್ಣಿಗೆ ರಾಚುವ ನೆಲ. ನೆತ್ತಿಯ ಸೂರ್ಯ ನೇರವಾಗಿ ಬಾವಿಯಲ್ಲಿಳಿದು, ಪಾಲಿಶ್ ಮಾಡಿದ ನೆಲಹಾಸಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ಕೂತವರ ಮುಖಕ್ಕೆ ಹೊಡೆಯುತ್ತಿತ್ತು. ಗೋಡೆಯ ಒಂದೊಂದು ಮಿಲಿಮೀಟರಿಗೆ ಒಂದು ತಿಂಗಳು ಕೊಟ್ಟ ನಾನು ನೆಲದ ಕಡೆ ಒಮ್ಮೆಯೂ ನೋಡಿರಲಿಲ್ಲ.

ಜಪಾನಿನ ಇಬರಾಕಿಯಲ್ಲಿ ವಾಸ್ತುಶಿಲ್ಪಿ ಟಡಾವೊ ಆಂಡೊ ಕಟ್ಟಿದ, 1989ರಲ್ಲಿ ಮುಗಿದ ಬೆಳಕಿನ ಚರ್ಚಿನ ಚಿತ್ರಗಳನ್ನು ಮತ್ತೆ ತೆಗೆದು ನೋಡಿದೆ. ಕಾಂಕ್ರೀಟ್ ಗೋಡೆಯಲ್ಲಿ ಶಿಲುಬೆಯಾಕಾರವಾಗಿ ಸೀಳಿದ ಬೆಳಕನ್ನೇ ಎಲ್ಲರೂ ನೋಡುತ್ತಾರೆ, ನಾನೂ ಅದನ್ನೇ ನೋಡಿದ್ದೆ. ಆದರೆ ಅಲ್ಲಿನ ನೆಲವನ್ನೂ ಆಸನಗಳನ್ನೂ ಸಾರುವೆ ಕಟ್ಟುವ ಒರಟು ಹಲಗೆಗಳಿಂದ ಮಾಡಿ, ಕಪ್ಪಾಗಿಸಿದ್ದಾರೆ. ಬಂದ ಬೆಳಕನ್ನು ಆ ನೆಲ ನುಂಗಿಕೊಳ್ಳುತ್ತದೆ, ಹಿಂದಕ್ಕೆ ಎಸೆಯುವುದಿಲ್ಲ.

ಒಂದು ವಾರ ಬಿಸಿಲಿನ ಪಟ್ಟಿಯ ಅಂಚನ್ನು ಸೀಮೆಸುಣ್ಣದಿಂದ ಗುರುತಿಸುತ್ತಾ ಹೋದೆ. ತಡೆಹಲಗೆ ಇಳಿಸುವ ಮೊದಲು ಬಿಸಿಲು ಗೋಡೆಯಿಂದ ಒಂದೂವರೆ ಮೀಟರ್ ಆಚೆಯವರೆಗೂ ಬರುತ್ತಿತ್ತು. ಈಗ ನಡುಹಗಲಿಗೆ ಒಂದು ಗಂಟೆ ಮುಂಚೆ 90 ಸೆಂಟಿಮೀಟರ್ ದೂರದಲ್ಲಿ ಕಾಣಿಸಿಕೊಂಡು, ಮೆಲ್ಲನೆ ಗೋಡೆಯ ಬುಡಕ್ಕೆ ಸರಿದು, ನಡುಹಗಲು ದಾಟಿದ ಮೇಲೆ ಗೋಡೆಯನ್ನೇರುತ್ತದೆ. ಅರ್ಧ ಗಂಟೆ ಕಳೆದಾಗ ಬಿಸಿಲಿನ ಕೆಳ ಅಂಚು ನೆಲದಿಂದ 1.8 ಮೀಟರಿನಲ್ಲಿರುತ್ತದೆ, ಒಂದು ಗಂಟೆಗೆ ಎರಡೂವರೆ ಮೀಟರ್ ಮೇಲೆ. ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದಂತೆ. ಹಾಗಾಗಿ ಗೋಡೆಯ ಬುಡದಿಂದ 90 ಸೆಂಟಿಮೀಟರಿನಷ್ಟು ಅಗಲಕ್ಕೆ ಹಳೆಯ ನೆಲಹಾಸನ್ನು ಎಬ್ಬಿಸಿ, ಪಾಲಿಶ್ ಕಾಣದ, ಉಳಿಯಿಂದ ಕುಟ್ಟಿ ಒರಟು ಮಾಡಿದ ಬೂದು ಕಲ್ಲಿನ ಹಾಸು ಹಾಕಿಸಿದೆ. ಈಗ ಬಿಸಿಲು ಅಲ್ಲಿ ಬೀಳುತ್ತದೆ, ಅಲ್ಲಿಯೇ ನಿಲ್ಲುತ್ತದೆ.

9. ಮೊದಲ ಮಳೆ (ಮೇ 19 – 30)

ಮಟ್ಟವಾಗಿಟ್ಟ ಗಾಜಿನ ಮೇಲೆ ನೀರು ನಿಂತು, ಸಿಲಿಕೋನ್ ಕಟ್ಟೆಯ ಗಾರೆಯಿಂದ ಸಿಪ್ಪೆಯಂತೆ ಬಿಟ್ಟುಕೊಂಡು, ಹೊಸ ಸುಣ್ಣದ ಗೋಡೆಯ ಮೇಲೆ ಎರಡು ಕಂದು ಗೆರೆಗಳು ಇಳಿದವು. ಹಚ್ಚುವಾಗ ಹುಳಿ ವಾಸನೆ ಬರುವ ಸಿಲಿಕೋನ್ ಗಾಜಿಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಸಿಮೆಂಟಿನ ಕ್ಷಾರಕ್ಕೂ ಅದು ಬಿಡುವ ಆಮ್ಲಕ್ಕೂ ಆಗಿಬರುವುದಿಲ್ಲ. ಅಲ್ಲಿ ನ್ಯೂಟ್ರಲ್ ಬಗೆಯದನ್ನೇ ಬಳಸಬೇಕಾಗಿತ್ತು.

ರೋಮಿನ ಪ್ಯಾಂಥಿಯನ್ನಿನ 43 ಮೀಟರ್ ಗುಮ್ಮಟದ ನೆತ್ತಿಯ ಕಣ್ಣಿಗೆ ಗಾಜೇ ಇಲ್ಲ. ಮಳೆ ನೇರವಾಗಿ ಒಳಗೆ ಬೀಳುತ್ತದೆ, ನಡುವೆ ತುಸು ಉಬ್ಬಿದ ನೆಲದ ರಂಧ್ರಗಳಲ್ಲಿ ಹರಿದುಹೋಗುತ್ತದೆ. ಅವರು ನೀರು ಬರುತ್ತದೆಂದು ಒಪ್ಪಿಕೊಂಡು ಅದಕ್ಕೆ ದಾರಿ ಮಾಡಿದರು. ನಾನು ನೀರು ನಿಲ್ಲುವಂತೆ ಮಾಡಿ ಅಂಟಿನ ಮೇಲೆ ಭರವಸೆಯಿಟ್ಟಿದ್ದೆ.

ಗಾಜು ತೆಗೆದು, ಕಟ್ಟೆಯ ಒಂದು ಬದಿಯನ್ನು ಏರಿಸಿ, 40 ಸೆಂಟಿಮೀಟರ್ ಅಗಲಕ್ಕೆ 4 ಸೆಂಟಿಮೀಟರ್ ಇಳಿಜಾರು ಕೊಟ್ಟೆವು. ಗಾಜಿನ ಅಂಚು ಕಟ್ಟೆಯಿಂದ 5 ಸೆಂಟಿಮೀಟರ್ ಹೊರಚಾಚುವಂತೆ ಹೊಸ ಗಾಜುಗಳನ್ನು ಕತ್ತರಿಸಬೇಕಾಯಿತು, ಹಳೆಯವು ವ್ಯರ್ಥವಾದವು. ಗಾರೆಗೆ ಪ್ರೈಮರ್ ಹಚ್ಚಿ ನ್ಯೂಟ್ರಲ್ ಸಿಲಿಕೋನ್ ತುಂಬಿ, ಎರಡು ದಿನ ಒಣಗಲು ಬಿಟ್ಟು, ಪೈಪಿನಿಂದ ಒಂದು ಗಂಟೆ ನೀರು ಬಿಟ್ಟು ಪರೀಕ್ಷಿಸಿದೆವು. ಅನಂತರ ಸೋರಿಲ್ಲ. ಕಂದು ಗೆರೆಗಳ ಮೇಲೆ ತಿಳಿ ಸುಣ್ಣದ ನೀರು ಬಳಿದರೂ ತೀರ ಹತ್ತಿರದಿಂದ ನೋಡಿದರೆ ಒಂದು ಗೆರೆ ಈಗಲೂ ಕಾಣುತ್ತದೆ.

10. ಉಳಿದ ಮೂರು ಗೋಡೆಗಳು (ಜೂನ್ 8–15)

ಇಷ್ಟಾದರೂ ಕೋಣೆ ಯಾಕೋ ಒಂದು ಶುಚಿಯಾದ ಕಚೇರಿಯಂತೆ ಇತ್ತು. ಬೆಳಕಿತ್ತು, ಗಾಂಭೀರ್ಯ ಬಂದಿರಲಿಲ್ಲ. ಮೋಡ ಮುಸುಕಿದ ಒಂದು ಬೆಳಿಗ್ಗೆ ಬೆಳಕಿನ ಪ್ರಮಾಣ ತೋರಿಸುವ ಲಕ್ಸ್ ಮೀಟರ್ ಹಿಡಿದು ಅಳೆದೆ: ತಾರಸಿಯ ಮೇಲೆ 11,000 ಲಕ್ಸ್, ಪೂರ್ವದ ಗೋಡೆಯ ನಡುವೆ 210, ಕೂರುವ ಜಾಗದಲ್ಲಿ 60, ಬಾಗಿಲ ಬಳಿ 25. ಮೊದಲು ನನಗೆ ಬಂದ ಯೋಚನೆ ಬೆಳಕು ಸಾಲದು, ಬೆಳಕಿಂಡಿ ಹಿಗ್ಗಿಸಬೇಕೆಂಬುದು. ಅದೃಷ್ಟವಶಾತ್ ಎಂಜಿನಿಯರರು ಮೊದಲೇ ಕೈ ಕಟ್ಟಿಹಾಕಿದ್ದರು.

ಉತ್ತರ, ದಕ್ಷಿಣ, ಪಶ್ಚಿಮದ ಗೋಡೆಗಳಿಗೆ ಹಳೆ ಬೆಡ್‌ಶೀಟುಗಳನ್ನು ತೂಗುಹಾಕಿ ನೋಡಿದೆ. ಬಿಳಿ ಬಟ್ಟೆಗೂ ಕಡು ಕಂದು ಬಟ್ಟೆಗೂ ಇದ್ದ ವ್ಯತ್ಯಾಸ ನಂಬಲಾರದಷ್ಟಿತ್ತು. ಬಿಳಿ ಗೋಡೆಗಳು ಪೂರ್ವದ ಗೋಡೆಯಿಂದ ಬಂದ ಬೆಳಕನ್ನು ತಾವೂ ಎಸೆದು ಎಲ್ಲವನ್ನೂ ಸಮ ಮಾಡುತ್ತಿದ್ದವು, ಹಾಗಾಗಿ ಪೂರ್ವದ ಗೋಡೆಗೆ ತನ್ನದೆಂಬ ಹೊಳಪೇ ಉಳಿದಿರಲಿಲ್ಲ. ಮೂರೂ ಗೋಡೆಗಳಿಗೆ ಹೊಳಪಿಲ್ಲದ ಕೆಮ್ಮಣ್ಣಿನ ಬಣ್ಣ ಹೊಡೆಸಿದೆ. ಅಂಥದೇ ಇನ್ನೊಂದು ಮೋಡದ ಬೆಳಿಗ್ಗೆ ಮತ್ತೆ ಅಳೆದಾಗ ಪೂರ್ವದ ಗೋಡೆ 190, ಕೂರುವ ಜಾಗ 42, ಬಾಗಿಲ ಬಳಿ 14. ಎಲ್ಲ ಕಡೆಯೂ ಬೆಳಕು ಇಳಿದಿತ್ತು. ಆದರೆ ಒಳಗೆ ಬಂದವರೆಲ್ಲರೂ, ಬೆಳಕಿಂಡಿಯನ್ನು ದೊಡ್ಡದು ಮಾಡಿದಿರಾ ಎಂದು ಕೇಳಿದರು. ಜನವರಿಯಿಂದ ನಾನು ಬೆಳಕನ್ನು ಕೂಡಿಸುವ ದಾರಿಗಳನ್ನೇ ಹುಡುಕುತ್ತಿದ್ದೆ, ಕೋಣೆಗೆ ಬೇಕಾಗಿದ್ದದ್ದು ಅದರ ಸುತ್ತಲಿನ ಕತ್ತಲೆ.

11. ಓಣಿ (ಜುಲೈ 2–5)

ಹೊರಗಿನ ಬಿಸಿಲಿನಿಂದ ನೇರವಾಗಿ ಒಳಗೆ ಬಂದವರಿಗೆ ಕೋಣೆ ಮೊದಲ ಕೆಲವು ನಿಮಿಷ ಬರೀ ಕಪ್ಪಾಗಿ ತೋರುತ್ತಿತ್ತು, ಒಮ್ಮೆ ಅಮ್ಮ ಹೊಸ್ತಿಲಲ್ಲಿ ಎಡವಿದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ಬೇಕು, ಪೂರ್ತಿ ಹೊಂದಲು ಇಪ್ಪತ್ತು ಮೂವತ್ತು ನಿಮಿಷಗಳೇ ಬೇಕಾಗುತ್ತವೆ. ದೇವಾಲಯಗಳಲ್ಲಿ ಮುಖಮಂಟಪ, ನವರಂಗ, ಅಂತರಾಳ ಎಂದು ಹೆಜ್ಜೆಹೆಜ್ಜೆಗೂ ಬೆಳಕು ಇಳಿಯುತ್ತಾ ಹೋಗಿ ಗರ್ಭಗುಡಿಯ ಮುಂದೆ ನಿಲ್ಲುವಷ್ಟರಲ್ಲಿ ಒಂದು ಎಣ್ಣೆದೀಪವೇ ಸಾಕಾಗುವಂತೆ ಕಣ್ಣು ಸಿದ್ಧವಾಗಿರುತ್ತದೆ. ನಮ್ಮಲ್ಲಿದ್ದದ್ದು ಮೂರೂವರೆ ಮೀಟರಿನ ಓಣಿ ಮಾತ್ರ. ಅದರ ಗೋಡೆಗಳಿಗೂ ಕೆಮ್ಮಣ್ಣಿನ ಬಣ್ಣ ಬಳಿಸಿ, ಅಲ್ಲಿನ ಕಿಟಕಿಗೆ ದಪ್ಪ ಹತ್ತಿಬಟ್ಟೆಯ ಪರದೆ ಹಾಕಿ, ಕೋಣೆಯ ಬಾಗಿಲ ಪಕ್ಕ ಒಂದು ಮೋಟು ಬೆಂಚು ಇಟ್ಟೆ. ಪಾದರಕ್ಷೆ ಬಿಟ್ಟು, ಎರಡು ನಿಮಿಷ ಕೂತು, ಅನಂತರ ಒಳಗೆ ಹೋಗುವುದು ಈಗ ರೂಢಿಯಾಗಿದೆ. ಹೊಸ್ತಿಲಿಗೆ ಬಿಳಿ ಸುಣ್ಣದ ಗೆರೆ ಎಳೆದಿದ್ದೇನೆ.

12. ಖರ್ಚು, ಮತ್ತು ಬಾಕಿ ಇರುವುದು (ಸೆಪ್ಟೆಂಬರ್ 21)

ಒಟ್ಟು ಖರ್ಚನ್ನು ನೂರು ಭಾಗ ಎಂದರೆ ಜಾಕಿ, ಚಾನೆಲ್, ಕತ್ತರಿಸುವ ಕೂಲಿ ಸೇರಿ 36, ಗಾಜು ಮತ್ತು ಕಟ್ಟೆ 21, ಪೂರ್ವದ ಗೋಡೆ 22, ನೆಲ 12, ತಡೆಹಲಗೆ ಮತ್ತು ಬಣ್ಣ 9. ಇವುಗಳಲ್ಲಿ ಮಾಡಿದ್ದನ್ನು ಕೆಡವಿ ಮತ್ತೆ ಮಾಡಿದ್ದಕ್ಕೆ ಹೋದದ್ದು 27 ಭಾಗ. ಪುಟ್ಟಿ, ಮೊದಲ ಗಾಜು, ಎಬ್ಬಿಸಿದ ನೆಲಹಾಸು, ಇವೆಲ್ಲ ಅದರಲ್ಲಿ ಸೇರಿವೆ. ರಟ್ಟಿನ ಪೆಟ್ಟಿಗೆಗೆ ಆದ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಗಾಜಿನ ಮೇಲೆ ಧೂಳು ಕೂತರೆ ಪೂರ್ವದ ಗೋಡೆಯ ಬೆಳಕಿನ ಅಳತೆ ಒಂದು ತಿಂಗಳಲ್ಲಿ 190ರಿಂದ 150ರ ಹತ್ತಿರಕ್ಕೆ ಇಳಿಯುತ್ತದೆ, ಆದ್ದರಿಂದ ಹದಿನೈದು ದಿನಕ್ಕೊಮ್ಮೆ ತಾರಸಿ ಹತ್ತಿ ಒರೆಸಬೇಕು. ತಡೆಹಲಗೆಯ ಉತ್ತರದ ತುದಿಯಲ್ಲಿ ಗೋಡೆಗೆ ಸೇರುವ ಕಡೆ ಕೂದಲಿನಂಥ ಬಿರುಕು ಬಿಟ್ಟಿದೆ, ಅದನ್ನು ಇನ್ನೂ ಮುಚ್ಚಿಲ್ಲ.

ಎಂಜಿನಿಯರರು ಬಿಡಿಸದೆ ಉಳಿಸಿದ ಎರಡು ಕಾಂಕ್ರೀಟ್ ಪಟ್ಟಿಗಳ ವಿಷಯವೊಂದಿದೆ. ಆಕಾಶದ ಬೆಳಕಿನಲ್ಲಿ ಅವುಗಳ ಗುರುತು ಚಾವಣಿಯಿಂದ ಎರಡಡಿ ಇಳಿಯುವಷ್ಟರಲ್ಲಿ ಕರಗಿಹೋಗುತ್ತದೆ. ಬಿಸಿಲಿನಲ್ಲಿ ಮಾತ್ರ ಗೋಡೆಯ ಮೇಲೆ ಎರಡು ನೆರಳಿನ ಪಟ್ಟೆಗಳು ಬೀಳುತ್ತವೆ, ಮತ್ತು ಅವು ನೇರವಾಗಿರುವುದು ಸೂರ್ಯ ನೆತ್ತಿಯ ಮೇಲೆ ಬರುವ ದಿನಗಳಲ್ಲಿ ಮಾತ್ರ. ಮಾರ್ಚ್ 21ರಂದು ನಡುಹಗಲು ದಾಟಿ ಕಾಲು ಗಂಟೆಗೆ ಪಟ್ಟೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿದ್ದೆ. ಆಗ ಪಟ್ಟೆಗಳು ಮೀಟರಿಗೆ 23 ಸೆಂಟಿಮೀಟರಿನಂತೆ ಉತ್ತರಕ್ಕೆ ವಾಲಿದ್ದವು. ಜೂನ್ 21ರಂದು ಮೋಡವಿತ್ತು, 24ರಂದು ಬಿಸಿಲು ಬಂದಾಗ ನೋಡಿದರೆ ಮೀಟರಿಗೆ 18 ಸೆಂಟಿಮೀಟರಿನಷ್ಟು ದಕ್ಷಿಣಕ್ಕೆ ವಾಲಿ ನಿಂತಿದ್ದವು. ಇವತ್ತು ಅದೇ ಹೊತ್ತಿಗೆ ಅಮ್ಮನನ್ನೂ ಕರೆದು ಗೋಡೆಯ ಮುಂದೆ ನಿಂತೆ. ಪಟ್ಟೆಯ ಅಂಚು ಮಾರ್ಚಿನ ಗುರುತಿಗೆ ಒಂದು ಬೆರಳಿನಷ್ಟು ಈಚೆಗೆ ಬಂದು ನಿಂತಿತು. ಡಿಸೆಂಬರಿನ ಗುರುತು ಲೆಕ್ಕದ ಪ್ರಕಾರ ಉತ್ತರದ ಕೆಮ್ಮಣ್ಣಿನ ಗೋಡೆಯ ಮೇಲೆ ಹಾಕಬೇಕಾಗುತ್ತದೆ, ಅದಕ್ಕೊಂದು ಬಿಳಿ ಪೆನ್ಸಿಲ್ ತಂದಿಟ್ಟಿದ್ದೇನೆ.